ಕಳಚಿ ಹಾರಿದ ಸುತ್ತಿಗೆ ತಲೆ: 400 ರೂಪಾಯಿಯೊಳಗೆ ಒಳ್ಳೆಯದು ಸಿಗುತ್ತಾ?

ಓದುಗರ ಪ್ರಶ್ನೆ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದು ಮೂರು ತಿಂಗಳಾಯಿತು. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಟೂಲ್ ಕಿಟ್‌ನಲ್ಲಿ ಒಂದು ಸುತ್ತಿಗೆ ಬಂದಿತ್ತು. ದೇವರ ಫೋಟೊಗೆ ಮೊಳೆ ಹೊಡೆಯಲು ಹೋದರೆ ಮೂರು ಮೊಳೆ ಸೊಟ್ಟಗಾದವು. ನಾಲ್ಕನೆಯದಕ್ಕೆ ಸುತ್ತಿಗೆಯ ತಲೆಯೇ ಕಳಚಿ ಹಾರಿ ನೆಲದ ಟೈಲ್ಸ್ ಸೀಳಿತು. ಆರು ವರ್ಷದ ಮಗ ಪಕ್ಕದಲ್ಲೇ ನಿಂತಿದ್ದ. ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರೆ ಸರಿಹೋಗುತ್ತೆ ಅಂತ ಮಾವ ಹೇಳುತ್ತಾರೆ. ಹಗುರದ್ದು ಬೇಡ, ಒಂದು ಕೇಜಿಯದ್ದು ತರೋಣ ಅಂತ ನಮ್ಮ ಯಜಮಾನರು. ಅಂಗಡಿಯವರು ಫೈಬರ್ ಹಿಡಿಕೆಯದೇ ಬೆಸ್ಟ್ ಎಂದರು. ನನಗೆ ಮಣಿಕಟ್ಟು ನೋವು ಬೇರೆ ಇದೆ. ಮನೆಯ ಚಿಲ್ಲರೆ ಕೆಲಸಕ್ಕೆ 400 ರೂಪಾಯಿಯೊಳಗೆ ನಂಬಬಹುದಾದ ಸುತ್ತಿಗೆ ಯಾವುದು?

ಉತ್ತರ:

ಮಗನಿಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಟೈಲ್ಸ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವು ಬರೆದದ್ದರಲ್ಲಿ ಎರಡು ತೊಂದರೆ ಒಂದಕ್ಕೊಂದು ಸುತ್ತಿಕೊಂಡಿವೆ. ಮೊಳೆ ಸೊಟ್ಟಗಾಗಿದ್ದು ನಿಮ್ಮ ಗೋಡೆಯಿಂದ. ತಲೆ ಹಾರಿದ್ದು ಸುತ್ತಿಗೆಯಿಂದ. ಎಷ್ಟು ದುಬಾರಿ ಸುತ್ತಿಗೆ ತಂದರೂ ಮೊದಲನೆಯದು ಸರಿಹೋಗಲ್ಲ. ಎರಡನೆಯದಕ್ಕೆ ಜಾಸ್ತಿ ದುಡ್ಡೇನೂ ಬೇಕಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ನಿಂತು ನೋಡಬೇಕು, ಅಷ್ಟೇ. ಏನು ನೋಡಬೇಕು ಅನ್ನುವುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ.

ನಾನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಬಹಳ ವರ್ಷ ಪಾಠ ಮಾಡಿದವನು. ಹೊಸ ಬ್ಯಾಚ್ ಬಂದ ಮೊದಲ ವಾರ ಎಲ್ಲರ ಕೈಗೂ ಒಂದೊಂದು ಸುತ್ತಿಗೆ ಕೊಟ್ಟು, ‘ಇದರಲ್ಲಿ ಮುಖ್ಯವಾದ ಭಾಗ ತೋರಿಸಿ’ ಅನ್ನುತ್ತಿದ್ದೆ. ಎಲ್ಲರೂ ಬಡಿಯುವ ಮುಖವನ್ನೇ ತೋರಿಸುತ್ತಿದ್ದರು. ಸರಿಯಾದ ಉತ್ತರ ಕಣ್ಣು. ಕಾವು, ಅಂದರೆ ಹಿಡಿಕೆ, ತೂರಿಸಲು ತಲೆಯಲ್ಲಿ ಇರುವ ತೂತಿಗೆ ನಾವು ಹಾಗೆ ಕರೆಯುತ್ತೇವೆ.

ಒಳ್ಳೆಯ ಸುತ್ತಿಗೆಯ ಕಣ್ಣು ನೇರವಾದ ಕೊಳವೆಯಲ್ಲ. ಅದು ಡಮರುವಿನ ಹಾಗೆ, ನಡುವೆ ಕಿರಿದು, ಎರಡೂ ತುದಿಯಲ್ಲಿ ಅಗಲ. ಕಾವನ್ನು ಕೆಳಗಿನಿಂದ ಬಿಗಿಯಾಗಿ ಏರಿಸಿ, ಮೇಲೆ ಕಾಣುವ ಮರದ ತುದಿಯನ್ನು ಸೀಳಿ, ಅದರೊಳಗೆ ಮರದ ಅಥವಾ ಕಬ್ಬಿಣದ ಬೆಣೆ ಹೊಡೆಯುತ್ತಾರೆ. ಆಗ ತುದಿ ಅರಳುತ್ತದೆ. ಅರಳಿದ ಮರ ಆ ಕಿರಿದಾದ ನಡುವಿನಿಂದ ಕೆಳಗೆ ಇಳಿಯಲಾರದು. ತಲೆ ನಿಲ್ಲುವುದು ಈ ಒಂದು ಉಪಾಯದಿಂದ. ಅಂಟಿನಿಂದಲ್ಲ, ಮೇಲಿನಿಂದ ಜಡಿದ ಮೊಳೆಯಿಂದಲೂ ಅಲ್ಲ.

ಅಗ್ಗದ ಕಿಟ್‌ಗಳಲ್ಲಿ ಆಗುವುದು ಬೇರೆ. ಕಣ್ಣು ನೇರವಾಗಿರುತ್ತದೆ. ಕಾವು ಕೂದಲೆಳೆ ಸಣ್ಣದಾಗಿರುತ್ತದೆ. ಸಂದಿಗೆ ಒಂದಿಷ್ಟು ಅಂಟು ಸುರಿದು, ಮೇಲೆ ಕಪ್ಪು ಬಣ್ಣ ಬಳಿದಿರುತ್ತಾರೆ. ಕೆಲವದರಲ್ಲಿ ಬೆಣೆಯ ಜಾಗದಲ್ಲಿ ಒಂದು ಮೊಳೆ ಇರುತ್ತದೆ. ಇನ್ನು ಮರ ಸರಿಯಾಗಿ ಒಣಗಿಸಿದ್ದಲ್ಲದಿದ್ದರೆ ಮನೆಗೆ ಬಂದ ಮೇಲೆ ಒಣಗುತ್ತದೆ. ಒಣಗಿದ ಮರ ಉದ್ದಕ್ಕೆ ಅಷ್ಟಾಗಿ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಂದರೆ ಕಣ್ಣಿನೊಳಗೇ ಸಡಿಲ. ಬೆಂಗಳೂರಲ್ಲಿ ಫೆಬ್ರವರಿ, ಮಾರ್ಚ್‌ನ ಒಣ ಗಾಳಿಗೆ ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತೆ, ಮಳೆಗಾಲದಲ್ಲಿ ಅದೇ ಬಾಗಿಲು ಬಿಗಿಯುತ್ತೆ, ಅಲ್ವಾ? ಸುತ್ತಿಗೆಯ ಕಾವಿಗೂ ಅದೇ ಕತೆ.

ತಲೆ ಹಾರುವುದು ಹಳೇ ಕಾಯಿಲೆ. 1840ರ ಸುಮಾರಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಾರ್ವಿಚ್ ಎಂಬ ಊರಿನ ಕಮ್ಮಾರ ಡೇವಿಡ್ ಮೇಡೋಲ್ ಇದಕ್ಕೊಂದು ದಾರಿ ಹುಡುಕಿದ. ಮರ ಕೆತ್ತುವ ಬಾಚಿಯ ಕಣ್ಣು ನೋಡಿದ್ದೀರಲ್ಲ, ಕಾವನ್ನು ಆಳಕ್ಕೆ ಹಿಡಿದುಕೊಳ್ಳುತ್ತೆ. ಸುತ್ತಿಗೆಗೂ ಹಾಗೇ ಮಾಡಿ, ಕಣ್ಣನ್ನು ಕತ್ತಿನ ಹಾಗೆ ಕೆಳಕ್ಕೆ ಇಳಿಬಿಟ್ಟ. ಕಾವು ಹೆಚ್ಚು ಉದ್ದಕ್ಕೆ ಹಿಡಿತಕ್ಕೆ ಸಿಕ್ಕಿದ್ದರಿಂದ ತಲೆ ಅಲ್ಲಾಡುವುದು ಕಡಿಮೆಯಾಯಿತು. ಮೊಳೆ ಕೀಳುವ ಒಳ್ಳೆಯ ಸುತ್ತಿಗೆಗಳಲ್ಲಿ ಆ ಕತ್ತು ಇವತ್ತಿಗೂ ಇದೆ. ಅಂಗಡಿಯಲ್ಲಿ ಅಂಥ ಎರಡು ಸುತ್ತಿಗೆ ಪಕ್ಕಪಕ್ಕ ಇಟ್ಟು ನೋಡಿ. ತಲೆ ಕಾವಿನ ಮೇಲೆ ಸುಮ್ನೆ ಟೋಪಿಯ ಹಾಗೆ ಕೂತಿದ್ದರೆ ಬಿಡಿ. ಕತ್ತು ಇಳಿದಿದ್ದರೆ ಕೈಗೆ ತಗೊಳ್ಳಿ.

ಇನ್ನು ಮನೆಯಲ್ಲಿ ಬಂದ ಸಲಹೆಗಳು.

ಮಾವನವರ ಮಾತು ಪೂರ್ತಿ ಸುಳ್ಳಲ್ಲ. ಹಳ್ಳಿಯಲ್ಲಿ ಗುದ್ದಲಿಯ ಕಾವು ಸಡಿಲವಾದರೆ ಬೆಳಿಗ್ಗೆ ಕಾಲುವೆ ನೀರಲ್ಲಿ ಅದ್ದಿಟ್ಟು ಕೆಲಸಕ್ಕೆ ಇಳಿಯುತ್ತಾರೆ. ಮರ ಉಬ್ಬುತ್ತೆ, ಆ ದಿನಕ್ಕೆ ಬಿಗಿಯಾಗುತ್ತೆ. ಗದ್ದೆಯ ಗುದ್ದಲಿ ದಿನವೂ ಒದ್ದೆಯಾಗುವುದರಿಂದ ಅಲ್ಲಿ ಹೇಗೋ ನಡೆಯುತ್ತೆ. ಮನೆಯ ಸುತ್ತಿಗೆಗೆ ಅದು ನಡೆಯಲ್ಲ. ಮರ ಉಬ್ಬಿದರೂ ಸುತ್ತಲಿನ ಉಕ್ಕು ಜಾಗ ಬಿಡುವುದಿಲ್ಲವಲ್ಲ. ಹೋಗಲು ದಾರಿಯಿಲ್ಲದೆ ಮರದ ನಾರು ಒಳಗೇ ಜಜ್ಜಿಹೋಗುತ್ತದೆ. ವಾರ ಬಿಟ್ಟು ಒಣಗಿದಾಗ ಕಾವು ಮೊದಲಿಗಿಂತ ಸಣ್ಣ. ಜೊತೆಗೆ ಕಣ್ಣಿನ ಒಳಗೆ ತುಕ್ಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಬೇಡಿ. ಮಾವನವರಿಗೆ ನಾನು ಹೇಳಿದೆ ಅಂತಲೇ ಹೇಳಿ, ಬೈಗುಳ ನನಗಿರಲಿ.

ಒಂದು ಕೇಜಿಯ ಸುತ್ತಿಗೆ ಬೇಡ. ಏಟಿನ ಬಲಕ್ಕೆ ತೂಕದಷ್ಟೇ ವೇಗವೂ ಬೇಕು, ನಿಜ ಹೇಳಬೇಕೆಂದರೆ ವೇಗವೇ ಜಾಸ್ತಿ ಬೇಕು. ತೂಕ ಎರಡು ಪಟ್ಟಾದರೆ ಏಟಿನ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮಣಿಕಟ್ಟು ನೋಯುವ ಕೈ ಒಂದು ಕೇಜಿಯನ್ನು ವೇಗವಾಗಿ ಬೀಸಲಾರದು. ಕಾವನ್ನು ತಲೆಯ ಹತ್ತಿರ ಹಿಡಿದು ಕುಕ್ಕುತ್ತೀರಿ, ಏಟು ವಾರೆಯಾಗಿ ಬೀಳುತ್ತೆ, ಮೊಳೆ ಮಲಗುತ್ತೆ. ಕೇಜಿ ತೂಕದ ಸುತ್ತಿಗೆಗಳು ಕಲ್ಲು, ಇಟ್ಟಿಗೆ, ಚಾಣದ ಕೆಲಸಕ್ಕೆ. ದೇವರ ಫೋಟೊಗಲ್ಲ.

ನಿಮಗೆ 300 ಗ್ರಾಂ ಆಸುಪಾಸಿನದು ಸಾಕು. ಕೈ ಗಟ್ಟಿ ಇದ್ದವರಿಗೆ 450 ಗ್ರಾಂ. ಪೆಟ್ಟಿಗೆಯ ಮೇಲೆ 16 ಔನ್ಸ್ ಅಂತ ಬರೆದಿದ್ದರೆ ಅದೇ 450, 8 ಔನ್ಸ್ ಅಂದರೆ ಸುಮಾರು 225. ಇದು ಬರೀ ತಲೆಯ ತೂಕ, ಕಾವು ಸೇರಿಸಿ ಅಲ್ಲ. ಒಳ್ಳೆಯ ಕಂಪನಿಗಳು ತಲೆಯ ಕೆನ್ನೆಯ ಮೇಲೆ ತೂಕವನ್ನು ಅಚ್ಚೊತ್ತಿರುತ್ತವೆ. ಅಚ್ಚೂ ಇಲ್ಲ, ಹೆಸರೂ ಇಲ್ಲ, ಬರೀ ಮಿರಮಿರ ಮಿಂಚುವ ಬಣ್ಣ ಇದೆ ಅಂದರೆ ನನಗೆ ಅನುಮಾನ ಶುರುವಾಗುತ್ತೆ.

ಫೈಬರ್ ಹಿಡಿಕೆ ಕೆಟ್ಟದ್ದಲ್ಲ. ಮಳೆ ಬಿಸಿಲಿಗೆ ಕುಗ್ಗಲ್ಲ, ಹಿಗ್ಗಲ್ಲ, ಗೆದ್ದಲು ಹಿಡಿಯಲ್ಲ. ಅದರ ತೊಂದರೆ ಬೇರೆ. ತಲೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಕಂಪನಿ ಚೆನ್ನಾಗಿದ್ದರೆ ಆ ಅಂಟು ವರ್ಷಗಟ್ಟಲೆ ಬಾಳುತ್ತೆ. ಅಗ್ಗದ ನಕಲಿಯಲ್ಲಿ ಒಳಗೆ ಏನಿದೆ ಅಂತ ರಬ್ಬರ್ ಹೊದಿಕೆ ತೋರಿಸುವುದಿಲ್ಲ. ಮರದ ಕಾವಿನ ಸುತ್ತಿಗೆ ಕಳಚುವ ಮೊದಲು ಅಲ್ಲಾಡಿ ಸೂಚನೆ ಕೊಡುತ್ತದೆ. ಅಗ್ಗದ ಫೈಬರ್ ಏನೂ ಹೇಳದೆ ಒಂದು ದಿನ ಕಳಚಿಕೊಳ್ಳಬಹುದು. ಫೈಬರ್ ಹಿಡಿಕೆಯಿದ್ದರೆ ಕರೆಂಟ್ ಹೊಡೆಯಲ್ಲ ಅನ್ನುವ ಮಾತಿದೆ. ಫೈಬರ್ ಕರೆಂಟ್ ಹಾಯಿಸದು ನಿಜ. ಹಾಗಂತ ಅದು ಎಲೆಕ್ಟ್ರಿಷಿಯನ್‌ಗಳ ಇನ್ಸುಲೇಟೆಡ್ ಸಲಕರಣೆಯಾಗಿಬಿಡುವುದಿಲ್ಲ. ಆ ಧೈರ್ಯದಲ್ಲಿ ಸ್ವಿಚ್‌ಬೋರ್ಡಿನ ಹತ್ತಿರ ಹೋಗಬೇಡಿ.

ಉಕ್ಕಿನ ಕೊಳವೆಯ ಹಿಡಿಕೆಯದು ಇನ್ನೊಂದು. ತಲೆ ಹಾರುವ ಭಯ ಕಡಿಮೆ. ಆದರೆ ಪ್ರತಿ ಏಟಿನ ಅದುರು ನೇರ ಮೊಣಕೈವರೆಗೆ ಬರುತ್ತೆ. ನಿಮ್ಮ ಮಣಿಕಟ್ಟಿಗೆ ಇದು ಆಗದು.

ಆದ್ದರಿಂದ ನಿಮಗೆ ನಾನು ಹೇಳುವುದು ಮರದ ಕಾವಿನದೇ. ಅದುರನ್ನು ತಾನೇ ನುಂಗಿಕೊಳ್ಳುವುದರಲ್ಲಿ ಮರದಷ್ಟು ಒಳ್ಳೆಯದು ಈ ಬೆಲೆಗೆ ಸಿಗಲ್ಲ. ನಮ್ಮ ಕಡೆ ಕಾವಿಗೆ ದಿಂಡಿಗ, ತಡಸಲು, ಜಾಲಿ ಬಳಸುತ್ತಿದ್ದರು. ಏಟಿಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅವಕ್ಕಿದೆ. ಸಾಗುವಾನಿ ಅಂದರೆ ಶ್ರೇಷ್ಠ ಅಂತ ಎಲ್ಲರಿಗೂ ಅಭ್ಯಾಸ. ಬಾಗಿಲಿಗೆ ಸರಿ, ಸುತ್ತಿಗೆ ಕಾವಿಗೆ ಅದು ಬೇಗ ಮುರಿಯುವ ಮರ. ಅಂಗಡಿಯವರಿಗೆ ಯಾವ ಮರ ಅಂತ ಗೊತ್ತಿರುವುದು ಅನುಮಾನ. ನೀವು ಮರದ ಹೆಸರು ಕೇಳಬೇಕಿಲ್ಲ, ಗೆರೆ ನೋಡಿ. ಮರದ ಎಳೆ ಕಾವಿನ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಿರಬೇಕು. ನಡುವೆಯೇ ಓರೆಯಾಗಿ ಪಕ್ಕಕ್ಕೆ ಹಾದುಹೋಗಿದ್ದರೆ ಮುಂದೊಂದು ದಿನ ಅಲ್ಲೇ ಸೀಳುತ್ತೆ. ಇದಕ್ಕೇ ಬಣ್ಣ ಬಳಿದ ಕಾವು ಬೇಡ ಅನ್ನುವುದು. ಬಣ್ಣದ ಕೆಳಗೆ ಗೆರೆಯೂ ಕಾಣಲ್ಲ, ಗಂಟೂ ಕಾಣಲ್ಲ.

ಯಾವ ಆಕಾರ? ಇಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಹಿಡಿಸಲ್ಲ. ಮನೆಗೆ ಅಂದರೆ ಎಲ್ಲರೂ ಹಿಂದೆ ಎರಡು ಕೊಂಬಿರುವ, ಮೊಳೆ ಕೀಳುವ ಸುತ್ತಿಗೆಯನ್ನೇ ಹೇಳುತ್ತಾರೆ. ತಪ್ಪಿಲ್ಲ. ಆದರೆ ಅಗ್ಗದ ಬೆಲೆಯಲ್ಲಿ ಕೊಂಬಿನ ಸುತ್ತಿಗೆಯೇ ಜಾಸ್ತಿ ಹಾಳಾಗುವುದು. ಕೊಂಬು ಹಾಕಿ ಮೀಟಿದಾಗಲೆಲ್ಲ ಕಣ್ಣಿನೊಳಗಿನ ಮರಕ್ಕೆ ಪೆಟ್ಟು ಬೀಳುತ್ತೆ. ಅದೇ ದುಡ್ಡಿಗೆ ಹಿಂಭಾಗ ಗುಂಡಾಗಿರುವ ಬಾಲ್ ಪೀನ್ ಸುತ್ತಿಗೆ ತಗೊಂಡರೆ ಇನ್ನೂ ಗಟ್ಟಿಮುಟ್ಟಾದ್ದು ಸಿಗುತ್ತೆ. ಅದು ವರ್ಕ್‌ಶಾಪಿನವರು ದಿನವಿಡೀ ಬಳಸುವ ಸಾಮಾನು. ಕಳಪೆಯಾದರೆ ಅವರು ಎರಡನೇ ಸಲ ಕೊಳ್ಳಲ್ಲ, ಅಂಗಡಿಯವರಿಗೆ ಆ ಭಯ ಇರುತ್ತೆ. ಮೊಳೆ ಕೀಳಲು ನಿಮ್ಮ ಕಿಟ್‌ನಲ್ಲೇ ಇಕ್ಕಳ ಇರಬೇಕಲ್ಲ? ಅದು ಸಾಕು. ನಿಮ್ಮ ಜಾಗದಲ್ಲಿ ನಾನಿದ್ದರೆ 300 ಗ್ರಾಂನ, ಮರದ ಕಾವಿನ ಬಾಲ್ ಪೀನ್ ತರುತ್ತಿದ್ದೆ. ಟಪಾರಿಯಾದಂಥ ಹೆಸರಿರುವ ಕಂಪನಿಯದೇ ನಿಮ್ಮ ಬಜೆಟ್ಟಿನೊಳಗೆ ಬರುತ್ತೆ. ಹಳೇ ಕಪಾಟು, ಪ್ಯಾಕಿಂಗ್ ಪೆಟ್ಟಿಗೆ ಬಿಚ್ಚುವ ಕೆಲಸ ಪದೇ ಪದೇ ಬರುತ್ತದೆ ಅಂದರೆ ಮಾತ್ರ ಕೊಂಬಿನದು ತಗೊಳ್ಳಿ. ಮೀಟುವಾಗ ತಲೆಯ ಕೆಳಗೆ ಒಂದು ಮರದ ತುಂಡು ಇಡಿ. ಬಲವೂ ಕಡಿಮೆ ಸಾಕು, ಗೋಡೆಗೂ ಗಾಯವಾಗಲ್ಲ.

ಮುಖದಲ್ಲಿ ದೋಸೆ ಕಾವಲಿಗೆ ಗೀರು ಹಾಕಿದ ಹಾಗೆ ಚೌಕುಳಿ ಇರುವ ಸುತ್ತಿಗೆಗಳೂ ಈಗ ಬರುತ್ತಿವೆ. ಅವು ಮರದ ಮನೆಗಳ ಚೌಕಟ್ಟು ಕಟ್ಟುವವರಿಗೆ. ಮೊಳೆಯ ತಲೆ ಜಾರದಿರಲಿ ಅಂತ ಹಾಗೆ ಮಾಡಿರುತ್ತಾರೆ. ಮನೆಯ ಸ್ಟೂಲಿನ ಮೇಲೆ ಅದರ ಗುರುತು ಕೂರುತ್ತೆ, ಹೆಬ್ಬೆರಳ ಮೇಲೂ. ನಯವಾದ, ಅಂಚು ಸ್ವಲ್ಪ ಇಳಿಜಾರಾಗಿ ತಿದ್ದಿದ ಮುಖವೇ ನಿಮಗೆ ಬೇಕಾದ್ದು.

ಅಂಗಡಿಯಲ್ಲಿ ಹೀಗೆ ಮಾಡಿ. ಆನ್‌ಲೈನ್ ಬೇಡ, ಹತ್ತಿರದ ಹಾರ್ಡ್‌ವೇರ್ ಅಂಗಡಿಗೋ ಎಸ್‌ಜೆಪಿ ರಸ್ತೆಗೋ ಹೋಗಿ. ಪ್ಲಾಸ್ಟಿಕ್ ಕವರ್ ತೆಗೆಯಲು ಒಪ್ಪದ ಅಂಗಡಿಯಿಂದ ಹೊರಬನ್ನಿ. ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಕಾವು ಹಿಡಿದು ತಿರುಚಿ. ಎಳ್ಳಷ್ಟೂ ಅಲುಗಬಾರದು. ಆಮೇಲೆ ತಲೆಯನ್ನು ನಿಮ್ಮ ಕಣ್ಣಿನ ನೇರಕ್ಕೆ ಹಿಡಿದು ಮೇಲಿನಿಂದ ನೋಡಿ. ಬೆಣೆ ಕಾಣಬೇಕು, ಅದರ ಸುತ್ತ ಮರ ಕಣ್ಣಿನ ಅಂಚಿನವರೆಗೆ ತುಂಬಿರಬೇಕು. ಉಗುರು ತೂರುವಷ್ಟು ಸಂದಿ ಇದ್ದರೆ, ಇಲ್ಲವೇ ಪುಟ್ಟಿ ಮೆತ್ತಿದ್ದರೆ, ಬೇರೆ ತೋರಿಸಲು ಹೇಳಿ. ಕಾವನ್ನು ಬಂದೂಕಿನ ಗುರಿಯ ಹಾಗೆ ಹಿಡಿದು ಸೊಟ್ಟ ಇದೆಯಾ ನೋಡಿ. ಒಂದೇ ಕಂಪನಿಯ ಐದು ಸುತ್ತಿಗೆ ನೋಡಿದರೆ ಐದೂ ಬೇರೆ ಬೇರೆ ಇರುತ್ತವೆ. ಮರ ಅಲ್ವಾ, ಆರಿಸಿಕೊಳ್ಳುವುದರಲ್ಲೇ ಇದೆ ಎಲ್ಲ.

ಅಯಸ್ಕಾಂತ ಹಿಡಿದು ‘ನೋಡಿ, ಅಸಲಿ ಉಕ್ಕು’ ಅಂತ ತೋರಿಸುವ ಅಂಗಡಿಯವರೂ ಇದ್ದಾರೆ. ಅದರಿಂದ ಏನೂ ಗೊತ್ತಾಗಲ್ಲ. ಎರಕದ ಕಬ್ಬಿಣಕ್ಕೂ ಅಯಸ್ಕಾಂತ ಅಂಟುತ್ತೆ. ನಮಗೆ ಬೇಕಾದ್ದು ಎರಕ ಹೊಯ್ದದ್ದಲ್ಲ, ಕಾಯಿಸಿ ಬಡಿದು ರೂಪ ಕೊಟ್ಟ ಉಕ್ಕು. ‘ಡ್ರಾಪ್ ಫೋರ್ಜ್ಡ್’ ಅಂತ ತಲೆಯ ಮೇಲೋ ಲೇಬಲ್ ಮೇಲೋ ಇರುತ್ತೆ. ಎರಕದ ಕಬ್ಬಿಣ ಪೆಡಸು. ಮೆತ್ತಗಾಗಿ ತಗ್ಗುವ ಬದಲು ಚೂರಾಗಿ ಸಿಡಿಯುತ್ತೆ.

ಒಳ್ಳೆಯ ಉಕ್ಕೂ ಸಿಡಿಯುವ ಒಂದು ಸಂದರ್ಭ ಇದೆ. ನಮ್ಮ ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗ ಸಿಕ್ಕಿಕೊಂಡ ಕೊಂಬಿನ ಸುತ್ತಿಗೆಯನ್ನು ಬಿಡಿಸಲು ಅದರ ತಲೆಯ ಮೇಲೆ ಇನ್ನೊಂದು ಸುತ್ತಿಗೆಯಿಂದ ಬಡಿದ. ಎರಡೂ ಗಡಸು ಮಾಡಿದ ಮುಖ. ಅಕ್ಕಿಕಾಳಿನಷ್ಟು ಚೂರೊಂದು ಸಿಡಿದು ಅವನ ಮುಂಗೈಯೊಳಗೆ ಹೋಯಿತು. ರಕ್ತ ಬಂದದ್ದು ಒಂದೇ ಹನಿ. ಚೂರು ಒಳಗಿದೆ ಅಂತ ಎಕ್ಸ್‌ರೇ ತೆಗೆದ ಮೇಲೆ ಗೊತ್ತಾಯಿತು. ಒಂದು ಗೇಣು ಮೇಲೆ ಹೋಗಿದ್ದರೆ ಕಣ್ಣು. ಸುತ್ತಿಗೆಯಿಂದ ಸುತ್ತಿಗೆಗೆ ಯಾವತ್ತೂ ಹೊಡೆಯಬೇಡಿ. ಕಪ್ಪಗೆ ಹೊಳೆಯುವ ಕಾಂಕ್ರೀಟ್ ಮೊಳೆಗಳೂ ಗಡಸೇ, ಅವುಗಳ ವಿಷಯದಲ್ಲೂ ಇದೇ ಎಚ್ಚರ. ಅವಕ್ಕೆ ಕೊಂಬಿನ ಸುತ್ತಿಗೆ ಅಲ್ಲವೇ ಅಲ್ಲ. ಮೊಳೆ ಹೊಡೆಯುವಾಗ ಒಂದು ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳಿ, ಹುಡುಗನನ್ನು ಬೇರೆ ಕೋಣೆಗೆ ಕಳಿಸಿ.

ಈಗ ಗೋಡೆ. ನಿಮ್ಮದು ಹೊಸ ಅಪಾರ್ಟ್‌ಮೆಂಟ್ ಆಗಿದ್ದರೆ ಇಟ್ಟಿಗೆ ಗೋಡೆಯೇ ಇಲ್ಲದಿರಬಹುದು. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಗೋಡೆ, ಛಾವಣಿ ಎಲ್ಲ ಒಟ್ಟಿಗೆ ಕಾಂಕ್ರೀಟ್ ಸುರಿಯುವ ಪದ್ಧತಿ ಈಗ ಬೆಂಗಳೂರಲ್ಲಿ ಸಾಮಾನ್ಯ. ಮೇಸ್ತ್ರಿಗಳು ಅದಕ್ಕೆ ಮೈವಾನ್ ಗೋಡೆ ಅನ್ನುತ್ತಾರೆ. ಮೇಲೆ ತೆಳ್ಳಗೆ ಪುಟ್ಟಿ, ಅದರ ಹಿಂದೆಯೇ ಕಾಂಕ್ರೀಟ್. ಸಾಮಾನ್ಯ ಮೊಳೆ ಅರ್ಧ ಸೆಂಟಿಮೀಟರ್ ಹೋಗಿ ನಿಲ್ಲುತ್ತೆ, ಮುಂದಿನ ಏಟಿಗೆ ಸೊಟ್ಟಗಾಗುತ್ತೆ. ಅಲ್ಲಿ ನಿಮ್ಮ ಕೈಯ ತಪ್ಪು ಏನೂ ಇಲ್ಲ. ಅಂಥ ಗೋಡೆಗೆ ದಾರಿ ಹ್ಯಾಮರ್ ಡ್ರಿಲ್. ಆರು ಎಂಎಂ ತೂತು, ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ. ಡ್ರಿಲ್ ಕೊಳ್ಳಬೇಡಿ. ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ನಾಲ್ಕೈದು ತೂತು ಒಂದೇ ಸಲಕ್ಕೆ ಹಾಕಿಕೊಡುತ್ತಾರೆ. ಹೊರಬರುವ ಪುಡಿ ನೋಡಿ: ಕೆಂಪಾದರೆ ಇಟ್ಟಿಗೆ, ಬೂದು ಬಣ್ಣದ್ದಾಗಿ ಡ್ರಿಲ್ ಕಿರುಚಿದರೆ ಕಾಂಕ್ರೀಟ್, ಬೆಳ್ಳಗೆ ಹಿಟ್ಟಿನ ಹಾಗಿದ್ದರೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಇಟ್ಟಿಗೆ. ಎಎಸಿಯಲ್ಲಿ ಮೊಳೆ ಬೆಣ್ಣೆಗೆ ಹೋದ ಹಾಗೆ ಹೋಗುತ್ತೆ, ಅಷ್ಟೇ ಸುಲಭಕ್ಕೆ ಹೊರಗೂ ಬರುತ್ತೆ. ಅದಕ್ಕೆ ಬೇರೆಯದೇ ಪ್ಲಗ್ ಇದೆ, ಕೇಳಿ ತಗೊಳ್ಳಿ.

ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಲ್ಲೂ ತೂತು ಬೇಡ. ವೈರಿನ ಪೈಪ್ ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತೆ. ಚಿಕ್ಕ ಫೋಟೊಗಾದರೆ ತೂತೂ ಬೇಡ. ಮೂರ್ನಾಲ್ಕು ಪುಟ್ಟ ಗಡಸು ಪಿನ್ನುಗಳಿರುವ ಪ್ಲಾಸ್ಟಿಕ್ ಹುಕ್ಕು ಸಿಗುತ್ತೆ. ಪಿನ್ನು ಗಿಡ್ಡ ಇರುವುದರಿಂದ ಸೊಟ್ಟಗಾಗಲ್ಲ. ಹೊಸ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕೂರುತ್ತೆ. ಕನ್ನಡಕ ಮರೆಯಬೇಡಿ.

ಮರಕ್ಕೆ ಮೊಳೆ ಹೊಡೆಯುವಾಗ ಕಾವಿನ ತುದಿ ಹಿಡಿಯಿರಿ, ಮೊದಲ ಎರಡು ಏಟು ಬರೀ ತಟ್ಟಿದ ಹಾಗೆ. ಬೆರಳಿನ ಬದಲು ಬಾಚಣಿಗೆಯ ಹಲ್ಲಿನ ನಡುವೆ ಮೊಳೆ ಸಿಕ್ಕಿಸಿ ನಿಲ್ಲಿಸಿ. ಮರ ಸೀಳುವ ಹಾಗಿದ್ದರೆ ಮೊಳೆಯ ಚೂಪನ್ನು ಮೊದಲೇ ಒಂದು ಏಟು ಹೊಡೆದು ಮೊಂಡು ಮಾಡಿ. ಚೂಪು ಮೊಳೆ ನಾರನ್ನು ಬೇರ್ಪಡಿಸುತ್ತೆ, ಮೊಂಡು ಮೊಳೆ ಜಜ್ಜಿಕೊಂಡು ಹೋಗುತ್ತೆ. ಇದು ನನಗೆ ಒಬ್ಬ ಆಚಾರಿ ಹೇಳಿಕೊಟ್ಟಿದ್ದು, ಪಠ್ಯದಲ್ಲಿ ಓದಿದ್ದಲ್ಲ.

ಹೊಸ ಸುತ್ತಿಗೆಯನ್ನು ವಾಷಿಂಗ್ ಮೆಷಿನ್ ಪಕ್ಕದ ಬಾಲ್ಕನಿಯಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ ಕಾವಿಗೆ, ಅದರಲ್ಲೂ ಕಣ್ಣಿನಲ್ಲಿ ಕಾಣುವ ಮರದ ತುದಿಗೆ, ಅಗಸೆ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗದೆ ಜಾರುತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಆಯುಧಪೂಜೆಗೆ ಹೇಗೂ ಸುತ್ತಿಗೆ ಹೊರಗೆ ಬರುತ್ತೆ. ಕುಂಕುಮ ಇಡುವ ಮೊದಲು ತಲೆ ತಿರುಚಿ ನೋಡಿ. ಸ್ವಲ್ಪ ಅಲುಗಿದರೆ ಸುತ್ತಿಗೆಯನ್ನು ತಲೆ ಕೆಳಗಾಗಿ ಗಾಳಿಯಲ್ಲಿ ತೂಗು ಹಿಡಿದು, ಕಾವಿನ ತುದಿಗೆ ಮರದ ತುಂಡಿನಿಂದ ನಾಲ್ಕು ಏಟು ಕೊಡಿ. ಭಾರದ ತಲೆ ಇದ್ದಲ್ಲೇ ಇರುತ್ತೆ, ಕಾವು ಅದರೊಳಗೆ ಇನ್ನಷ್ಟು ನುಗ್ಗುತ್ತೆ. ಬೆಣೆ ಮೇಲೆದ್ದಿದ್ದರೆ ಒಳಕ್ಕೆ ಕೂರಿಸಿ. ಅಷ್ಟಕ್ಕೂ ಬಿಗಿಯಾಗದಿದ್ದರೆ ಬಡಗಿಯ ಹತ್ತಿರ ಹೊಸ ಕಾವು ಹಾಕಿಸಿ.

ಈಗಿರುವ ಹಳೆಯದಕ್ಕೆ ಕಾವು ಹಾಕಿಸಬಹುದಾ ಅಂದರೆ, ಅದರ ಕಣ್ಣಿನೊಳಗೆ ಕಿರುಬೆರಳು ಆಡಿಸಿ ನೋಡಿ. ನಡುವೆ ಕಿರಿದಾಗಿದ್ದರೆ ಹಾಕಿಸಿ, ನೇರ ಕೊಳವೆಯಾಗಿದ್ದರೆ ಗುಜರಿಗೆ ಹಾಕಿ. ಮಗ ಆಟಕ್ಕೆ ಕೇಳುತ್ತಾನೆ, ಕೊಡಬೇಡಿ.

ಇನ್ನು ಆ ಟೈಲ್ಸ್. ಮನೆ ಕಟ್ಟಿದಾಗ ಉಳಿದ ಟೈಲ್ಸ್ ಅನ್ನು ಮಾಲೀಕರು ಅಟ್ಟದಲ್ಲೋ ಟೆರೇಸಿನ ಮೂಲೆಯಲ್ಲೋ ಇಟ್ಟಿರುವುದು ವಾಡಿಕೆ. ಬದಲಾಯಿಸಲು ಮೇಸ್ತ್ರಿಯನ್ನು ಕರೆಯುವ ಮೊದಲು ಒಮ್ಮೆ ಅವರನ್ನು ಕೇಳಿ. ಆ ಫೋನಿನಲ್ಲೇ ಗೋಡೆಗೆ ಡ್ರಿಲ್ ಹಾಕಿಸಲು ಒಪ್ಪಿಗೆಯನ್ನೂ ಕೇಳಿಬಿಡಿ. ಟೈಲ್ಸ್ ವಿಷಯ ಮೊದಲು ಹೇಳಬೇಕಾ, ಡ್ರಿಲ್ ವಿಷಯ ಮೊದಲಾ ಅನ್ನುವುದು ನಿಮ್ಮ ಮಾಲೀಕರ ಸ್ವಭಾವಕ್ಕೆ ಬಿಟ್ಟದ್ದು.